ನಿಲ್ಲಿಸಿದ ಹನಿ

ಹಲಸೂರು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಸಂಘಮಿತ್ರಾಳ ಪುಟ್ಟ ಆಯುರ್ವೇದ ಕ್ಲಿನಿಕ್ಕು. ಕಣ್ಣೊಳಗೆ ಮರಳು ಬಿದ್ದ ಹಾಗೆ ಒತ್ತುತ್ತದೆ ಎಂದು ಶಂಶುನ್ನೀಸಾ ಅಲ್ಲಿಗೆ ಬಂದಿದ್ದಳು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಮೂವತ್ತು ವರ್ಷದಿಂದ ಮದುವೆ ಬಟ್ಟೆಗಳ ಜರ್ದೋಜಿ ಕಸೂತಿ ಹಾಕಿಕೊಡುತ್ತಿದ್ದ ಹೆಂಗಸು. ರೆಪ್ಪೆ ಬಡಿಯುವುದನ್ನೂ ಮರೆತು ಸೂಜಿ ನೋಡುತ್ತಾ ಕೂತು ಕಣ್ಣು ಒಣಗಿಹೋಗಿತ್ತು. ಕಣ್ಣಾಸ್ಪತ್ರೆಯವರು ಕೊಟ್ಟ ಹನಿಗಳನ್ನು ದಿನಕ್ಕೆ ಆರು ಸಲ ಹಾಕಿಕೊಳ್ಳುತ್ತಿದ್ದಳು.

ಸಂಘಮಿತ್ರಾ ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಉಗುರುಬೆಚ್ಚಗಿನ ಔಷಧಿ ತುಪ್ಪ ತುಂಬಿ ನೇತ್ರ ತರ್ಪಣವೆಂಬ ಚಿಕಿತ್ಸೆ ಮಾಡಿದಳು. ಎಷ್ಟೋ ದಿನದ ಮೇಲೆ ಕಣ್ಣು ತಂಪಾಯಿತು ಎಂದು ಶಂಶುನ್ನೀಸಾ ಹರಸಿದಳು. ಆ ಮಾತಿಗೆ ಉಬ್ಬಿಹೋದ ಸಂಘಮಿತ್ರಾ ಕೈ ಒರೆಸಿಕೊಳ್ಳುತ್ತಾ, “ಇನ್ನು ಆ ಡ್ರಾಪ್ಸೆಲ್ಲ ಯಾಕೆ ಬಿಡಿ ಆಪಾ” ಎಂದುಬಿಟ್ಟಳು. ಅಂದದ್ದು ಅವಳಿಗೆ ಮರೆತೂ ಹೋಯಿತು.

ಮೂರು ವಾರದ ನಂತರ ಶಂಶುನ್ನೀಸಾ ದುಪಟ್ಟಾದಿಂದ ಎಡಗಣ್ಣು ಮುಚ್ಚಿಕೊಂಡು ಬಂದಳು. ಕಣ್ಣು ಕೆಂಡವಾಗಿ ಊದಿಕೊಂಡಿತ್ತು. ಹನಿ ಹಾಕಿಕೊಳ್ಳುತ್ತಿದ್ದೀರಾ ಎಂದು ಕೇಳಿದರೆ, “ನೀವೇ ಬೇಡ ಅಂದ್ರಲ್ಲಾ ಡಾಕ್ಟರಮ್ಮ” ಎಂದಳು. ದೂರಿನ ದನಿಯೇ ಇರಲಿಲ್ಲ.

ಸಂಘಮಿತ್ರಾ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಕಣ್ಣಾಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ, ಶಂಶುನ್ನೀಸಾಳೇ ತಪ್ಪು ತಿಳಿದುಕೊಂಡಳು ಎಂದು ಅಲ್ಲಿ ಹೇಳಿದರೆ ಹೇಗೆ ಎಂಬ ಯೋಚನೆ ಬಂದು ಬಂದು ಹೋಗುತ್ತಿತ್ತು.

ಅಲ್ಲಿನ ಡಾಕ್ಟರು ಕಣ್ಣು ಪರೀಕ್ಷಿಸಿ, ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿದೆ ಎಂದರು. ಹನಿ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು.

“ಮರ್ತೋಗ್ಬಿಟ್ಟೆ ಸಾರ್,” ಎಂದಳು ಶಂಶುನ್ನೀಸಾ.

ಸಂಘಮಿತ್ರಾಳಿಗೆ ಮೊದಲು ಆದದ್ದು ಸಮಾಧಾನ. ಮರುಗಳಿಗೆಯೇ ಆ ಸಮಾಧಾನದ ಬಗ್ಗೆ ಅಸಹ್ಯವಾಯಿತು.

“ಅವರು ಮರೀಲಿಲ್ಲ ಸರ್. ಬಿಡಿ ಅಂದಿದ್ದು ನಾನು.”

ಡಾಕ್ಟರು ಬೈಯಲಿಲ್ಲ. ಬರೆಯುತ್ತಲೇ, “ನಿಮ್ಮ ತುಪ್ಪಕ್ಕೆ ನಂದೇನೂ ತಕರಾರಿಲ್ಲ. ಹುಣ್ಣು ಮಾಯೋವರೆಗೂ ಬೇಡ. ಆಮೇಲೆ ಮಾಡಿದ್ರೂ ನನ್ನ ಕೇಳಿ ಮಾಡಿ, ಡ್ರಾಪ್ಸ್ ಮಾತ್ರ ನಿಲ್ಲಿಸ್ಬೇಡಿ” ಎಂದರು. ಬೈದಿದ್ದರೇ ಹಗುರಾಗುತ್ತಿತ್ತೇನೋ.

ಅಂದು ಸಂಜೆ ಸಂಘಮಿತ್ರಾ ಕಣ್ಣು ಒಣಗುವ ತೊಂದರೆಗೆ ಬಂದಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದಳು. ಹನ್ನೊಂದು ಜನರಲ್ಲಿ ಇಬ್ಬರು ಹನಿ ನಿಲ್ಲಿಸಿದ್ದರು. ಅವರಿಗೂ ಹಾಗೇ ಅಂದಿದ್ದಳಂತೆ. ಅದೂ ಅವಳಿಗೆ ನೆನಪಿರಲಿಲ್ಲ. ತನ್ನದೇ ತಪ್ಪೆಂದು ಹೇಳಿ, ಮರುದಿನವೇ ಇಬ್ಬರನ್ನೂ ಅವರವರ ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದಳು.

ಶಂಶುನ್ನೀಸಾಳ ಹುಣ್ಣು ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಕಣ್ಣು ಉಳಿಯಿತು, ಕಲೆಯೂ ಉಳಿಯಿತು. ಸಣ್ಣ ಮಣಿಯ ಕೆಲಸ ಈಗ ಕಾಣುವುದಿಲ್ಲ, ದೊಡ್ಡ ಹೂವುಗಳನ್ನಷ್ಟೇ ಹಾಕುತ್ತಾಳೆ. ಕಣ್ಣಿನ ಡಾಕ್ಟರು ಒಪ್ಪಿದ ಮೇಲೆ ಮತ್ತೆ ತರ್ಪಣಕ್ಕೆ ಬಂದಳು. ಸಂಘಮಿತ್ರಾ ಕ್ಷಮೆ ಕೇಳಲು ಬಾಯಿ ತೆರೆದರೆ, “ನೀವೇ ತಾನೇ ಕರ್ಕೊಂಡೋಗಿ ಕಣ್ಣು ಉಳ್ಸಿದ್ದು” ಎಂದು ಮಂಚದ ಮೇಲೆ ಮಲಗಿ ಮುಖ ಒಡ್ಡಿದಳು. ಆ ನಂಬಿಕೆಯೆದುರು ಸಂಘಮಿತ್ರಾಳಿಗೆ ತಲೆ ಎತ್ತಲಾಗಲಿಲ್ಲ.