ನಸೇರಿಯನ್ ತೆರೆದ ಬೇಲಿ

"ಕಿವಿ ಕೆಟ್ಟಿದ್ಯೇನೋ ಬೋಳಿಮಗನೆ? ಗೇರ್ ಹಾಕು. ಕೇರಿಯಿಂದ ಎತ್ಕೊಂಡ್ ಬಂದು ಫ್ಲೈಟ್ ಹತ್ತಿಸಿದ್ದು ಇಲ್ಲಿ ನಿಂತು ಆಕಾಶ ನೋಡಕ್ಕಾ?"

ಕಂಪನಿಯ ಸೂಪರ್‌ವೈಸರ್ ಮಂಜುನಾಥ್ ಜೀಪಿನ ಕಿಟಕಿಯಿಂದಲೇ ಬೈಯುತ್ತಿದ್ದ. ಅವನ ಹಿಂದೆ ಲಾರಿ. ಲಾರಿ ತುಂಬ ಕಂಪನಿಯವರು ಕೂಲಿ ಕೊಟ್ಟು ತಂದ ಪುಂಡರು, ಕೈಯಲ್ಲಿ ಮಚ್ಚು. ಜೆಸಿಬಿ ಓಡಿಸುವ ಬಸವರಾಜನಿಗೆ ಬೈಗುಳ ಹೊಸದಲ್ಲ. ಸಿಂಧನೂರು ಕಡೆಯವನು, ಪಾಸ್‌ಪೋರ್ಟು ಮಂಜುನಾಥನ ಕಪಾಟಿನಲ್ಲಿ. ಚುಚ್ಚುತ್ತಿದ್ದುದು ಎದುರಿಗೆ ಬಾಯಿ ತೆರೆದುಕೊಂಡಿದ್ದ ಮುಳ್ಳುಬೇಲಿ.

ನೈರೋಬಿ ಬೆಳೆದೂ ಬೆಳೆದೂ ಈ ದನ ಮೇಯುವ ಬಯಲಿನ ಅಂಚಿಗೆ ಬಂದು ನಿಂತಿತ್ತು. ಬಯಲು ನಸೇರಿಯನ್ ಎಂಬ ಮುದುಕಿಯದು; ಅವಳನ್ನು ಎಬ್ಬಿಸಿ ಅಲ್ಲಿ ಕಟ್ಟಡ ಎಬ್ಬಿಸುವುದು ಕಂಪನಿಯ ಲೆಕ್ಕ. ಅವಳೂ ಅವಳ ಮಕ್ಕಳೂ ಈಟಿ ಹಿಡಿದು, ಮಳೆಗಾಲವಿಡೀ ಇದೇ ಲಾರಿಯನ್ನು ಬೇಲಿಯಾಚೆಯೇ ತಡೆದಿದ್ದರು.

ನಿನ್ನೆ ಸಂಜೆ ಬಸವರಾಜ ಬೇಲಿಯ ಹೊರಗೆ ಗಾಡಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು ನೆಲಕ್ಕೆ ಕೈಮುಗಿದ. ಮುದುಕಿ ಬೇಲಿಯ ಸಂದಿಯಿಂದ ಎಲ್ಲವನ್ನೂ ನೋಡಿದಳು. ದನಕ್ಕೆ ಕೆರೆ ತೋಡಿಸುತ್ತೇವೆಂದು ಸರ್ಕಾರದವರು ಎಂದೋ ಮಾತು ಕೊಟ್ಟಿದ್ದರಂತೆ; ಈ ಗಾಡಿ ಅದಕ್ಕೇ ಬಂದಿದೆ ಅಂದುಕೊಂಡಳು. ದನದ ಕಡೆ ಬೆರಳು ತೋರಿಸಿ, "ಮಾಜಿ?" ಎಂದು ಕೇಳಿದಳು. ನೀರಿಗೆ ಹಾಗನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಇಲ್ಲ ಅನ್ನಲು ಬಾಯಿಯೂ ಇತ್ತು. ಪಕ್ಕದಲ್ಲಿ ಮಂಜುನಾಥ್ ನಿಂತಿದ್ದ. ಬಸವರಾಜ ಹೌದೆಂದು ತಲೆಯಾಡಿಸಿದ. ಅವಳು ಸೋರೆಬುರುಡೆಯಲ್ಲಿ ಹಾಲು ತಂದುಕೊಟ್ಟಳು. "ಅಸಾಂಟೆ" ಎಂದು ಅವರ ಮಾತಿನಲ್ಲೇ ಧನ್ಯವಾದ ಹೇಳಿ ಕುಡಿದೂಬಿಟ್ಟ. ಬೆಳಿಗ್ಗೆ ಬೇಲಿ ತೆರೆದವಳು ಅವಳೇ.

"ಪೂಜೆ ಮಾಡಿ ಮುದುಕೀನ ಮಂಗ ಮಾಡ್ಬಿಟ್ಯಲ್ಲೋ," ಮಂಜುನಾಥ್ ನಕ್ಕ. "ಹರ್ಲಿಂಗ್‌ಹ್ಯಾಮ್‌ನಲ್ಲಿರೋ ನಮ್ಮ ಹೆಡ್ ಆಫೀಸಲ್ಲಿ ನಿನ್ ಹೆಸ್ರು ಹೇಳ್ತೀನಿ ಬಿಡು. ನುಗ್ಸು, ಹಿಂದೆ ಹುಡುಗ್ರು ಬರ್ತಾರೆ."

"ಮಂಗ ಮಾಡಾಕ ಮಾಡಿಲ್ರೀ ಸಾಹೇಬ್ರ. ಹೊಸಾ ಕೆಲಸಕ್ಕ ಮಾಡೂ ಪೂಜಿ ಅದು. ಒಳಗ ಮನಿ ಅದಾವ್ರೀ, ದನದ ಕರಾನೂ ಕಟ್ಟಿ ಹಾಕ್ಯಾರ."

"ಅವಳೇನು ನಿಮ್ಮವ್ವನಾ? ಊರಿಗೆ ಹೋಗೋ ಆಸೆ ಇದ್ಯೋ ಇಲ್ವೋ?"

ಬಸವರಾಜ ನುಗ್ಗಿಸಿದ. ನಸೇರಿಯನ್ ಮುಂದೆ ಮುಂದೆ ನಡೆಯುತ್ತ, ಕೆರೆಯ ಜಾಗ ಅಲ್ಲಿ ಎಂದು ಕೋಲಿನಿಂದ ತೋರಿಸುತ್ತಿದ್ದಳು. ಬೇಲಿ ದಾಟುವಷ್ಟರಲ್ಲಿ ಹಿಂದೆ ಲಾರಿ ಗುರುಗುಟ್ಟಿತು. ಮುದುಕಿ ಗಕ್ಕನೆ ತಿರುಗಿದಳು. ಲಾರಿಯನ್ನಲ್ಲ, ಅವನನ್ನು ನೋಡಿದಳು.

ಅವನು ಬ್ರೇಕ್ ಒತ್ತಿದ. ಸೀಟನ್ನು ಹಿಂದಕ್ಕೆ ತಿರುಗಿಸಿ, ಗಾಡಿಯ ಕಾಲು ನೆಲಕ್ಕೂರಿ, ಹಿಂದಿನ ಬಕೆಟ್ಟನ್ನು ದಾರಿಗೆ ಅಡ್ಡ ಇಳಿಸಿದ. ಬಾಚಿ ಬಾಚಿ ಕರಿಮಣ್ಣು ಲಾರಿಯ ಮುಂದೆ ಸುರಿದ.

"ಏನೋ ಮಾಡ್ತಿದೀಯ ಸೂಳೆಮಗನೆ?"

"ಕೆರಿ ತೋಡಾಕ ಹತ್ತೀನ್ರೀ."

ಕಲ್ಲೊಂದು ಬಂದು ಗಾಜು ಒಡೆಯಿತು. ಲಾರಿಯೇನೋ ನಿಂತಿತು, ಪುಂಡರು ಧುಮುಕಿದರು. ಗುಂಡಿ ಇನ್ನೂ ಮೊಣಕಾಲುದ್ದ. ಕತ್ತು ಹೊರಳಿಸಿದರೆ, ಮುದುಕಿಯ ಮಕ್ಕಳು ಈಟಿ ಹಿಡಿದು ಜೆಸಿಬಿಯತ್ತಲೇ ಓಡಿ ಬರುತ್ತಿದ್ದರು. ಪುಂಡರ ಮೇಲೋ ತನ್ನ ಮೇಲೋ ಅವನಿಗೆ ತಿಳಿಯಲಿಲ್ಲ. ಬರುವವರು ಬರಲಿ ಎಂದು ಕ್ಯಾಬಿನ್ ಬಾಗಿಲ ಚಿಲಕ ತೆಗೆದಿಟ್ಟು, ತೋಡುತ್ತಲೇ ಇದ್ದ.