ಖಾಲಿ ಮನೆಯ ಸಾಕ್ಷಿ

"ಲೇ, ಅಲ್ಲೇ ನಿಲ್ಲೋ! ಸೀದಾ ಒಳಗೆ ನುಗ್ತೀಯಲ್ಲ, ಇದೇನು ನಿನ್ನ ಗುಂಡಿ ಅಂದ್ಕೊಂಡ್ಯಾ?"

ವಕೀಲರು ಕುರ್ಚಿಯಿಂದ ಅರ್ಧ ಎದ್ದು ಗದರಿದಾಗ ಜಡ್ಜಪ್ಪ ಎತ್ತಿದ ಕಾಲನ್ನು ಹೊಸ್ತಿಲಾಚೆಯೇ ತಡೆದು ನಿಂತ. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತ ತನ್ನನ್ನು ನೆನೆದು ಅವನಿಗೇ ನಗು ಬಂತು. ಬೆಳಿಗ್ಗೆ ಎರಡೆರಡು ಸಲ ಸೋಪು ಹಚ್ಚಿ ಮೈ ತಿಕ್ಕಿದ್ದ. ಆದರೆ ದೊಡ್ಡವರ ಮೂಗಿಗೆ ಲಂಚ ಕೊಡುವ ಸೋಪು ಇನ್ನೂ ಅಂಗಡಿಗೆ ಬಂದಿರಲಿಲ್ಲ.

"ಬರ್ಲಿ ಬಿಡಿ ವಕೀಲ್ರೇ, ನಮ್ಮ ಸಾಕ್ಷಿ ಅವನು," ಎಂದರು ಯಜಮಾನರು. "ಕಿಟಕಿ ಹತ್ರ ನಿಂತ್ಕೊಳೋ. ಗಾಳಿ ಆ ಕಡೆಗೇ ಹೋಗ್ಲಿ."

ಜಡ್ಜಪ್ಪ ಕಕ್ಕಸು ಗುಂಡಿ ಖಾಲಿ ಮಾಡುವವನು. ಹಿಂದೊಮ್ಮೆ ಯಾರದೋ ಹೊಡೆದಾಟದ ಕೇಸಿನಲ್ಲಿ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದ. ಅವನ ಹೆಸರು ಕೂಗುವ ಮೊದಲೇ ಕೇಸು ರಾಜಿಯಾಗಿ, ಬಾಯಿ ತೆರೆಯದೆ ವಾಪಸು ಬಂದಿದ್ದ. ಕೋರ್ಟಿನಲ್ಲಿ ಉಳಿದುಹೋದ ಮಾತನ್ನೆಲ್ಲ ಅಂದಿನಿಂದ ಬೀದಿಯ ಕಟ್ಟೆಯ ಮೇಲೆ ಸುರಿಯುತ್ತಿದ್ದ. ಯಾರ ಮನೆಯ ಗೋಡೆ ಯಾರಿಗೆ ಸೇರಬೇಕು, ಪಾಲು ಯಾರಿಗೆ ಎಷ್ಟು, ಎಲ್ಲದಕ್ಕೂ ಅವನಲ್ಲಿ ತೀರ್ಪು ಸಿದ್ಧ. ಬೀದಿಯವರು ಅವನ ತೀರ್ಪು ಕೇಳಿ, ಅದಕ್ಕೆ ಸರಿಯಾಗಿ ಉಲ್ಟಾ ನಡೆದು ಬಚಾವಾಗುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದ, ಚಟ.

ಹಾಗಾಗಿ ನಿನ್ನೆ ಯಜಮಾನರು ಕರೆದು, "ಮನೆ ಮಾರ್ತಿದ್ದೀನಿ, ನೀನೇ ಸಾಕ್ಷಿ ಹಾಕ್ಬೇಕು" ಎಂದಾಗ ಅವನ ಎದೆ ಉಬ್ಬಿತು. ಬೀಗ ಬಿದ್ದಿದ್ದ ಆ ಮನೆಯ ಹಿತ್ತಲ ಕೋಣೆಯಲ್ಲೇ ಅವನ ಸಂಸಾರ. ಹೆಂಡತಿಗೆ ಸುದ್ದಿ ಹೇಳಿ, ಇದ್ದಿಲು ಹಿಡಿದು ನೆಲದ ಮೇಲೆ ಸಹಿ ಅಭ್ಯಾಸ ಮಾಡತೊಡಗಿದ.

"ಅಲ್ಲ ಪುಣ್ಯಾತ್ಮ, ಮನೆ ಮಾರಿದ್ರೆ ನಮ್ಮ ಗತಿ ಏನು?" ಎಂದಳು ಅವಳು.

"ಹುಚ್ಚಿ, ಹಸು ಮಾರಿದ್ರೆ ಹಗ್ಗ ಜೊತೇಲಿ ಹೋಗಲ್ವಾ? ಮನೆ ಯಾರದಾದ್ರೂ ಆಗ್ಲಿ, ನಾವು ಅದಕ್ಕೆ ಸೇರಿದೋರು. ಕಾನೂನು!"

"ನಿನ್ನ ಕಾನೂನಿಗೆ ಬೆಂಕಿ ಹಾಕ. ಯಾವುದಕ್ಕೆ ಸಾಕ್ಷಿ ಅಂತಾದ್ರೂ ಕೇಳ್ದ್ಯಾ?"

ಕೇಳಿರಲಿಲ್ಲ. ಕರೆದವರು ದೊಡ್ಡವರು, ಹಾಗೆಲ್ಲ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ಈಗ ವಕೀಲರ ಮುಂದೆ ಮನೆ ಕೊಳ್ಳಲು ಬಂದ ಟೀಚರಮ್ಮ ಕೂತಿದ್ದರು. ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಒಂದೊಂದಾಗಿ ಕೇಳುತ್ತಿದ್ದರು. ಮನೆ ಇವರೊಬ್ಬರದೇ ತಾನೆ? ಮೇಲೆ ಸಾಲಗೀಲ ಇಲ್ಲವಷ್ಟೆ? ನಾಳೆ ದಾಯಾದಿಗಳು ಯಾರಾದರೂ ಎದ್ದು ಬಂದರೆ? ಪ್ರತಿಯೊಂದು ಪ್ರಶ್ನೆಗೂ ವಕೀಲರು ಉತ್ತರ ಕೊಡುವ ಮೊದಲೇ ಜಡ್ಜಪ್ಪ ಕಿಟಕಿಯ ಬಳಿ ನಿಂತು ತಲೆಯಾಡಿಸುತ್ತಿದ್ದ.

"ಕೊನೇದಾಗಿ," ಎಂದರು ಟೀಚರಮ್ಮ, "ಮನೆ ಖಾಲಿ ಇದೆ ತಾನೆ? ಆಮೇಲೆ ಯಾರನ್ನೋ ಬಿಡಿಸೋಕೆ ನಾನು ಕೋರ್ಟು ಕಚೇರಿ ಅಲಿಯೋಳಲ್ಲ."

"ಪೂರ್ತಿ ಖಾಲಿ ಮೇಡಂ. ಪತ್ರದಲ್ಲೇ ಬರೆದಿದ್ದೀನಿ, ಕೇಳಿ." ವಕೀಲರು ಗಂಟಲು ಸರಿಮಾಡಿಕೊಂಡು ಓದಿದರು. "ಸದರಿ ಸ್ವತ್ತಿನಲ್ಲಿ ಬಾಡಿಗೆದಾರರಾಗಲಿ, ಅನುಭವದಾರರಾಗಲಿ, ಬೇರೆ ಯಾರೇ ಆಗಲಿ ವಾಸವಿರುವುದಿಲ್ಲ. ಇದಕ್ಕೆ ಈ ಕೆಳಗಿನ ಸಾಕ್ಷಿದಾರರೇ ಸಾಕ್ಷಿ."

ಜಡ್ಜಪ್ಪ ಅದಕ್ಕೂ ತಲೆಯಾಡಿಸಿದ. ಆಮೇಲೆ ತಲೆ ನಿಂತಿತು. ಬೇರೆ ಯಾರೇ ಆಗಲಿ ಎಂದರೆ ಯಾರು? ಆ ಮನೆಯಲ್ಲಿ ಇರುವುದೇ ತಾನು, ತನ್ನ ಹೆಂಡತಿ. ತಾನು ಇಲ್ಲ ಎನ್ನುವುದಕ್ಕೆ ತಾನೇ ಸಾಕ್ಷಿ! ಇಂಥ ಕೇಸು ಕಟ್ಟೆಗೂ ಬಂದಿರಲಿಲ್ಲ.

"ಸ್ವಾಮಿ, ಆ ಹಿತ್ತಲ ಕೋಣೆ..."

"ಮುಚ್ಚೋ ಬಾಯಿ! ಸಾಕ್ಷಿ ಆದೋನು ಸಹಿ ಹಾಕ್ಬೇಕು, ಪ್ರಶ್ನೆ ಕೇಳ್ಬಾರ್ದು," ಎಂದು ವಕೀಲರು ಗದರಿದರು.

ಯಜಮಾನರು ನಕ್ಕರು. "ಅವನು ನಮ್ಮ ಬೀದಿ ಜಡ್ಜು ವಕೀಲ್ರೇ, ಹುಷಾರು!" ವಕೀಲರೂ ನಕ್ಕರು. ಟೀಚರಮ್ಮನೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಜಡ್ಜಪ್ಪನೇ. ಅವರಿಗಿಂತ ಜೋರಾಗಿ ತಾನೇ ನಕ್ಕುಬಿಟ್ಟರೆ ನೋವು ಕಡಿಮೆ ಎಂಬುದು ಅವನು ಜೀವನದಲ್ಲಿ ಕಲಿತ ಒಂದೇ ವಿದ್ಯೆ.

ಯಜಮಾನರು ಅವನನ್ನು ಓಣಿಗೆ ಕರೆದುಕೊಂಡು ಹೋದರು. ನಗು ಬಾಗಿಲಲ್ಲೇ ಉಳಿಯಿತು.

"ಏನೋ ನಿಂದು? ಸಂಜೆ ಒಳಗೆ ಗಂಟುಮೂಟೆ ಕಟ್ಕೊಂಡು ಜಾಗ ಖಾಲಿ ಮಾಡು."

"ಯಜಮಾನ್ರೇ, ಆ ಕೋಣೆ ನಮ್ಮವ್ವನಿಗೆ ನೀವೇ ಕೊಟ್ಟಿದ್ದು. ಅಪ್ಪ ಸತ್ತಾಗ..."

ಅವನ ಅಪ್ಪ ಇವರದೇ ಕಟ್ಟಡದ ಗುಂಡಿಗೆ ಇಳಿದವನು, ವಿಷಗಾಳಿ ಕುಡಿದು ಹೆಣವಾಗಿ ಮೇಲೆ ಬಂದಿದ್ದ. ಅವ್ವನ ಅಳು ಪೊಲೀಸರಿಗೆ ಕೇಳಿಸುವ ಮೊದಲೇ ಯಜಮಾನರು ಹಿತ್ತಲ ಕೋಣೆಯ ಬೀಗದ ಕೈ ಅವಳ ಮಡಿಲಿಗೆ ಹಾಕಿ, "ನೀನೂ ನಿನ್ನ ಮಕ್ಕಳೂ ಇರೋ ತನಕ ಇರಿ" ಎಂದಿದ್ದರು. ಒಂದು ಚೀಟಿ ಬರೆದುಕೊಡಿ ಎಂದು ಅವ್ವ ಅಂಗಲಾಚಿದಾಗ, "ನನ್ನ ಮಾತಿಗಿಂತ ಕಾಗದ ದೊಡ್ಡದೇನಮ್ಮ?" ಎಂದಿದ್ದರು.

"ಕೊಟ್ಟಿದ್ದಕ್ಕೆ ಕಾಗದ ಎಲ್ಲಿದ್ಯೋ ಸೂಳೆಮಗನೆ?" ಎಂದರು ಈಗ. "ಕಾಗದ ಇಲ್ದೆ ಬರೀ ಮಾತಿಗೆ ಏನೋ ಬೆಲೆ?"

ಜಡ್ಜಪ್ಪ ಒಳಗೆ ಹೋಗಿ ಸಹಿ ಹಾಕಿದ. ಅಭ್ಯಾಸ ಮಾಡಿದ್ದಕ್ಕೋ ಏನೋ, ಎಂದೂ ಬಾರದಷ್ಟು ದುಂಡಗೆ ಬಂತು. ನಮ್ಮಪ್ಪ ಗುಂಡಿಗೆ ಇಳಿಯುವಾಗ ಕಾಲಾದರೂ ನಡುಗಿತ್ತೇನೋ, ನನಗೆ ಕೈಯೂ ನಡುಗಲಿಲ್ಲ, ಭೇಷ್ ಮಗನೆ ಎಂದು ತನಗೆ ತಾನೇ ಉಗಿದುಕೊಂಡ.

"ಆಫೀಸಲ್ಲಿ ವಾಸ ಎಲ್ಲಿ ಅಂತ ಕೇಳಿದ್ರೆ ರೈಲು ಸೇತುವೆ ಹತ್ರ ಅನ್ನು," ಎಂದು ವಕೀಲರು ಹೇಳಿಕೊಟ್ಟರು.

ನೋಂದಣಿ ಕಚೇರಿಯಲ್ಲಿ ಜನ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡಿದ್ದರು; ಜಡ್ಜಪ್ಪನ ಸುತ್ತ ಮಾತ್ರ ಬೇಕಾದಷ್ಟು ಜಾಗ. ತನ್ನ ಹೆಸರಿಗೆ ಯಾವ ಪತ್ರವೂ ಇಲ್ಲದೆ ಇಷ್ಟು ನೆಲ ಸಿಕ್ಕಿತಲ್ಲ ಎಂದುಕೊಂಡ. ಮುಂದೆ ನಿಂತಿದ್ದ ಟೀಚರಮ್ಮ ಯಜಮಾನರನ್ನು ಕೇಳುತ್ತಿದ್ದರು. "ಆ ಹಿತ್ತಲ ಕೋಣೆ ಒಡೆಸಿ ಕಾರು ನಿಲ್ಸೋಕೆ ಮಾಡ್ಕೋಬಹುದಲ್ವಾ? ಅಲ್ಲಿ ಮೊದಲು ಯಾರಾದ್ರೂ ಇದ್ರಾ?"

"ಅಲ್ಲಿಯಾ? ಛೆ ಛೆ! ಇಲಿ ಹೆಗ್ಗಣ ಬಿಟ್ರೆ ಯಾವ ಜೀವಾನೂ ಅಲ್ಲಿ ಯಾವತ್ತೂ ಇರ್ಲಿಲ್ಲ."

ಜಡ್ಜಪ್ಪನಿಗೆ ಈ ಸಲ ನಗು ಬರಲಿಲ್ಲ. ಅವ್ವ ಆ ಕೋಣೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಮಲಗಿ, ಕೆಮ್ಮಿ ಕೆಮ್ಮಿ ಸತ್ತಿದ್ದಳು.

"ಸಾಕ್ಷಿ ಯಾರು? ಬಾರಯ್ಯ," ಎಂದರು ಅಧಿಕಾರಿ, ತಲೆ ಎತ್ತದೆ. "ಸಹಿ ನಿನ್ನದೇನಾ? ವಾಸ ಎಲ್ಲಿ?"

"ಈ ಮನೇಲೇ ಸ್ವಾಮಿ."

"ಯಾವ ಮನೇಲಿ?"

"ಈಗ ಮಾರ್ತಿದ್ದಾರಲ್ಲ, ಖಾಲಿ ಮನೆ. ಅದರಲ್ಲೇ ನಾನೂ ನನ್ನ ಹೆಂಡ್ತೀನೂ ಇರೋದು."

ಅಧಿಕಾರಿ ತಲೆ ಎತ್ತಿದರು. "ಏನಯ್ಯ, ಕುಡಿದು ಬಂದಿದ್ದೀಯಾ?"

"ಇಲ್ಲ ಸ್ವಾಮಿ. ಕುಡಿದಿದ್ರೆ ಹೇಳಿಕೊಟ್ಟಿದ್ದನ್ನೇ ಹೇಳ್ತಿದ್ದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರು ಅವನ ತೋಳು ಹಿಡಿಯಲು ಕೈಚಾಚಿ, ಮುಟ್ಟಲು ಹೇಸಿ ಹಿಂದೆ ತೆಗೆದುಕೊಂಡರು. ಟೀಚರಮ್ಮ ಕೈಚೀಲ ಹೆಗಲಿಗೇರಿಸಿಕೊಂಡು ಸಾಲಿನಿಂದ ಸರಿದರು. ಅವರಿಗೆ ಇವನ ಮೇಲೆ ಕನಿಕರವೇನೂ ಇರಲಿಲ್ಲ. "ಮೊದಲು ಇವರನ್ನ ಎಬ್ಬಿಸಿ, ಆಮೇಲೆ ನನ್ನ ಕರೀರಿ," ಎಂದು ಯಜಮಾನರಿಗೆ ಹೇಳಿ ಹೊರಟೇಬಿಟ್ಟರು.

ಮೆಟ್ಟಿಲ ಮೇಲೆಯೇ ಯಜಮಾನರ ಕೈ ಜಡ್ಜಪ್ಪನ ಕೆನ್ನೆಗೆ ಬಿತ್ತು. "ಬೋಳಿಮಗನೆ! ಉಂಡ ಮನೆ ಜಂತೆ ಎಣಿಸ್ತೀಯೇನೋ?"

"ಜಂತೆ ಎಣಿಸ್ಲಿಲ್ಲ ಯಜಮಾನ್ರೇ, ಜನ ಎಣಿಸ್ದೆ. ಇಬ್ರಿದ್ದೀವಿ."

ಅವನು ನಡೆದು ಮನೆ ಮುಟ್ಟುವಷ್ಟರಲ್ಲಿ ಯಜಮಾನರು ಆಳುಗಳನ್ನು ಕರೆದುಕೊಂಡು ಕಾರಿನಲ್ಲಿ ಬಂದಾಗಿತ್ತು. ಪಾತ್ರೆಗಳು ಅಂಗಳದಲ್ಲಿ ಉರುಳುತ್ತಿದ್ದವು. ಕೋಣೆಯ ಬಾಗಿಲನ್ನು ಹಾರೆಯಿಂದ ಮೀಟಿ ಕಿತ್ತು, ಹಲಗೆಗಳನ್ನು ಒಡೆದು ಬಿಸಾಡಿದ್ದರು. ಛಾವಣಿಯ ಒಂದು ತಗಡೂ ಇಳಿದಿತ್ತು. ಹೆಂಡತಿ ಒಳಗೆ ಕಾಲು ಚಾಚಿ ಕೂತಿದ್ದಳು. ಅವಳನ್ನು ಎತ್ತಿ ಹಾಕಲು ಆಳುಗಳಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

"ಬಂದ್ಯಾ? ಇವರ ಬಾಯಲ್ಲೇ ಕೇಳ್ದೆ ಎಲ್ಲಾನೂ," ಎಂದಳು. "ಸಹಿ ಹಾಕಿ ಆಮೇಲೆ ನಾವು ಇದ್ದೀವಿ ಅಂದ್ಯಂತಲ್ಲ. ಮೊದಲೇ ಅನ್ನೋಕೇನಾಗಿತ್ತು ದಾಡಿ?"

"ನನ್ನ ತೀರ್ಪು ಯಾವಾಗ ಹೊತ್ತಿಗೆ ಸರಿಯಾಗಿ ಬಂದಿದೆ ಹೇಳು," ಎಂದ ಅವನು, ಊದಿದ ಕೆನ್ನೆ ಒತ್ತಿಕೊಳ್ಳುತ್ತ.

ಅವಳು ನಗಲಿಲ್ಲ. ಎದ್ದು ಅಂಗಳದಿಂದ ಒಂದು ಪಾತ್ರೆ ಆರಿಸಿ ತಂದು, ನೀರು ತುಂಬಿ, ಬಾಗಿಲಿಲ್ಲದ ಬಾಗಿಲಿನ ಎದುರಿಗೇ ಕಲ್ಲು ಹೂಡಿ ಒಲೆ ಹಚ್ಚಿದಳು.

ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನಿಂದಿಳಿದು ಯಜಮಾನರು ಕೂಗಿದರು. "ಆರ್ಸೇ ಆ ಒಲೆ! ಬೀದಿಗೆಲ್ಲ ಹೊಗೆ ಕಾಣುತ್ತೆ, ಮನೇಲಿ ಜನ ಇದ್ದಾರೆ ಅಂತ!"

ಜಡ್ಜಪ್ಪ ಒಡೆದ ಬಾಗಿಲಿನ ಒಂದು ಹಲಗೆಯನ್ನು ಎತ್ತಿ ಮೊಣಕಾಲಿಗೆ ಕೊಟ್ಟು ಮುರಿದ. ಒಂದು ತುಂಡನ್ನು ಒಲೆಗೆ ತುರುಕಿದ. ಹಳೆಯ ಹಲಗೆ ತೇವ ಕುಡಿದಿತ್ತು, ಉರಿಗಿಂತ ಹೊಗೆಯೇ ಹೆಚ್ಚು. ಅವನು ಕೆಮ್ಮುತ್ತ ಬಗ್ಗಿ ಊದಿದ. ಆಮೇಲೆ ಇನ್ನೊಂದು ತುಂಡನ್ನು ತುರುಕಿದ.