ಬನ್ನಿ ಮೇಡಂ ರೈಲು ಹತ್ತಿದ್ದು

ಓದು ತಲೆಗೆ ಹತ್ತದೆ ನಾನು ಕಾಲೇಜು ಬಿಡಲು ಹೊರಟವಳಲ್ಲ. ಓದು ಚೆನ್ನಾಗಿಯೇ ಹತ್ತುತ್ತಿತ್ತು. ಮದುವೆಯಾಗಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಪುಸ್ತಕ ಹಿಡಿದವಳು ನಾನು. ನನ್ನ ಮೈದುನನೂ ನಾನೂ ಒಂದೇ ಕ್ಲಾಸು. ಬೆಳಗ್ಗೆ ಒಂದು ಗಂಟೆಗೂ ಹೆಚ್ಚು ಹೊತ್ತು ರೈಲಿನಲ್ಲಿ, ಸಂಜೆ ಮತ್ತೆ ಅಷ್ಟೇ. ಎರಡು ಹೊತ್ತೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುವ ಮೈದುನನಿಗೆ ಬೋಗಿಯವರು ತೂಕಡಿಕೆ ಎಂದು ಹೆಸರಿಟ್ಟಿದ್ದಾರೆ. ಅವನು ನನ್ನನ್ನು ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಇಡೀ ಬೋಗಿ, ಆಮೇಲೆ ಇಡೀ ಕ್ಲಾಸು ಹಾಗೇ ಕರೆಯತೊಡಗಿತು. ನನ್ನ ಅರ್ಧ ವಯಸ್ಸಿನವರೆಲ್ಲ ನನಗೆ ಮೈದುನ, ನಾದಿನಿಯರಾದರು.

ಬಿಡಬೇಕೆನಿಸಿದ್ದು ಗುಂಪಿನ ಕೆಲಸದಿಂದ. ಐದೈದು ಜನ ಸೇರಿ ಮನೆಗಳಲ್ಲಿ ನೀರು ಹೇಗೆ ಖರ್ಚಾಗುತ್ತದೆಂದು ಸಮೀಕ್ಷೆ ಮಾಡಿ ಕ್ಲಾಸಿನ ಮುಂದೆ ವಿವರಿಸಬೇಕಿತ್ತು. ನಮ್ಮ ಗುಂಪಿನಲ್ಲಿ ನಾವಿಬ್ಬರು, ಉಳಿದ ಮೂವರು ಹಾಸ್ಟೆಲಿನ ಹುಡುಗಿಯರು. ಅವರಲ್ಲಿ ಒಬ್ಬಳನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಹುಡುಗಿ ಕೆಟ್ಟವಳೇನಲ್ಲ, ಆದರೆ ಸಭೆ ಕರೆಯುವುದು ರಾತ್ರಿ ಊಟವಾದ ಮೇಲೆ, ಹಾಸ್ಟೆಲಿನ ಮೆಟ್ಟಿಲ ಮೇಲೆ. ಆ ಹೊತ್ತಿಗೆ ನಾನು ಮನೆಯಲ್ಲಿ ಮಗಳಿಗೆ ಮಗ್ಗಿ ಹೇಳಿಕೊಡುತ್ತಿರುತ್ತೇನೆ. ಬೆಳಗ್ಗೆ ಹೋಗಿ ನೋಡಿದರೆ ಎಲ್ಲ ತೀರ್ಮಾನವಾಗಿರುತ್ತಿತ್ತು.

"ಅತ್ತಿಗೆ, ನೀವಿಬ್ರೂ ಇರ್ಲಿಲ್ವಲ್ಲ, ಅದಕ್ಕೇ ನಿಮಗೆ ಕೊನೇ ಪುಟ ಇಟ್ಟಿದ್ದೀವಿ," ಎಂದಳು ಕ್ಯಾಪ್ಟನ್.

ಕೊನೇ ಪುಟವೆಂದರೆ ವಂದನೆ ಹೇಳುವುದು. ಮೂವರು ಸೇರಿ ಅಳೆದದ್ದು ಹಾಸ್ಟೆಲಿನ ನಲ್ಲಿಗಳನ್ನು. ಬೀದಿ ಬೀದಿ ಅಲೆದು, ಕಂಡವರ ಮನೆ ಬಾಗಿಲು ತಟ್ಟಿ, ನಾಯಿಗಳಿಂದ ಬೊಗಳಿಸಿಕೊಂಡವಳು ನಾನು, ಕೊನೆಗೆ ವಂದನೆ ಹೇಳಬೇಕಾದವಳೂ ನಾನೇ! ಮೈಯೆಲ್ಲ ಉರಿದುಹೋಯಿತು. ಆ ಉರಿ ಇಳಿದ ಮೇಲೆ ಉಳಿದದ್ದು ಬರೀ ಬೇಸರ. ದಿನಾ ಹೋಗಿ ಬರುತ್ತಿದ್ದರೂ ಆ ಕಾಲೇಜಿಗೆ ನಾನು ನೆಂಟರ ಹಾಗೆ, ಹೋಗುವುದು, ಕೂರುವುದು, ಹೊತ್ತಾಯಿತೆಂದು ಏಳುವುದು. ಈ ತಿಂಗಳಿಗೆ ಕಾಲೇಜು ಸಾಕು ಎಂದು ತೂಕಡಿಕೆಗೆ ಹೇಳಿದಾಗ ಅವನು ರೈಲಿನಲ್ಲಿ ಮೊದಲ ಸಲ ಪೂರ್ತಿ ಎಚ್ಚರಾದ.

ಅದೇ ವಾರ ಗೋಡೆಯ ಮೇಲೆ ನೋಟೀಸು ಬಂತು. ಅಂಟಿಸಿದವರು ನಮಗೆ ಸಂಖ್ಯಾಶಾಸ್ತ್ರ ಹೇಳುವ ಮೇಡಂ, ಈ ಗುಂಪಿನ ಕೆಲಸ ಕೊಟ್ಟವರೂ ಅವರೇ. ಹೊರಗಿನಿಂದ ಓಡಾಡುವ ವಿದ್ಯಾರ್ಥಿಗಳ ಯೋಗಕ್ಷೇಮವನ್ನು ಆ ವರ್ಷ ಅವರ ಹೆಗಲಿಗೆ ಹಾಕಿದ್ದರು. ಅವರ ಎಲ್ಲ ನೋಟೀಸೂ 'ಬನ್ನಿ' ಎಂದೇ ಶುರುವಾಗುವುದರಿಂದ ನಾವೆಲ್ಲ ಬನ್ನಿ ಮೇಡಂ ಎನ್ನುತ್ತಿದ್ದೆವು. 'ಬನ್ನಿ, ದೂರದಿಂದ ಬರುವವರೇ ಬನ್ನಿ! ನಿಮ್ಮ ಕಷ್ಟಸುಖ ಮಾತಾಡೋಣ. ಸಂಜೆ ಆರೂವರೆಗೆ. ಚಹಾ, ಬಿಸ್ಕತ್ತು ಉಂಟು.'

ನಮ್ಮ ಕೊನೆಯ ರೈಲು ಆರಕ್ಕೆ ಮೊದಲೇ ಹೊರಟುಬಿಡುತ್ತದೆ. ಬಿಸ್ಕತ್ತನ್ನು ಹಾಸ್ಟೆಲಿನವರು ಬಂದು ಸೊಗಸಾಗಿ ಮುಗಿಸಿದರಂತೆ.

ಮರುದಿನ ಮೇಡಂ ಸಪ್ಪೆ ಮುಖ ಹೊತ್ತು ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ನಿಮ್ಮೋರು ಒಬ್ರೂ ಬರ್ಲಿಲ್ವಲ್ಲ. ಆಸಕ್ತಿ ಇಲ್ವಾ?"

ಹೇಗೂ ಬಿಡುವವಳು, ನಾಲಿಗೆಗೆ ಲಗಾಮು ಯಾಕೆ? "ಮೇಡಂ, ನಾವು ಹೋದ್ಮೇಲೆ ನಮ್ಮ ಕಷ್ಟ ಕೇಳೋಕೆ ಕೂತ್ರಲ್ಲ, ಅದೇ ನಮ್ಮ ಕಷ್ಟ," ಎಂದೆ.

ಅವರ ಮುಖ ಕೆಂಪಾಯಿತು. ಬೈಗುಳ ಬಂತು ಎಂದುಕೊಂಡೆ, ಬಂದದ್ದು ನಗು. "ಹಾಗಾದ್ರೆ ನೀವೆಲ್ಲ ಒಟ್ಟಿಗೆ ಸಿಗೋದು ಎಲ್ಲಿ?"

"ರೈಲಲ್ಲಿ."

"ಸರಿ, ಇವತ್ತೇ ಬರ್ತೀನಿ."

ಬಂದೇಬಿಟ್ಟರು. ಬೋಗಿಯಲ್ಲಿ ಒಬ್ಬ ಊಟದ ಡಬ್ಬಿಯ ಮೇಲೆ ಹಾಳೆ ಇಟ್ಟು ಲೆಕ್ಕ ಬಿಡಿಸುತ್ತಿದ್ದ, ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ ತಪ್ಪಿದವರ ಕೈ ಚಿವುಟುತ್ತಿದ್ದರು, ತೂಕಡಿಕೆ ತನ್ನ ಕೆಲಸದಲ್ಲಿದ್ದ. ಮೇಡಂ ಎಲ್ಲರ ಪಕ್ಕವೂ ಒತ್ತರಿಸಿ ಕೂತು ಮಾತಾಡಿಸಿದರು. ಕ್ಲಾಸಿನಲ್ಲಿ ತುಟಿ ಬಿಚ್ಚದವರೆಲ್ಲ ಪಟಪಟ ಮಾತಾಡುವುದನ್ನು ಕಂಡು ಅವರಿಗೆ ಎಲ್ಲಿಲ್ಲದ ಖುಷಿ. ಒಂದೊಂದು ಸ್ಟೇಷನ್ನು ಬಂದಾಗಲೂ "ಮುಂದಿನದ್ರಲ್ಲಿ ಇಳೀತೀನಿ" ಎನ್ನುತ್ತ ಕೊನೆಯ ಸ್ಟೇಷನ್ನಾದ ನಮ್ಮೂರಿನವರೆಗೂ ಬಂದರು. ಇಳಿದು, ಸೀರೆ ಸರಿಮಾಡಿಕೊಂಡು ಕೇಳಿದರು, "ವಾಪಸ್ ರೈಲು ಎಷ್ಟಕ್ಕೆ?"

ನಾವು ಮುಖ ಮುಖ ನೋಡಿಕೊಂಡೆವು.

"ಬೆಳಗ್ಗೆ ಆರಕ್ಕೆ, ಮೇಡಂ," ಎಂದ ತೂಕಡಿಕೆ.

ಓಡಾಡುವವರು ಮೊದಲ ದಿನವೇ ಕಲಿಯುವ ಪಾಠ ಇದು. ವಾಪಸು ಬರುವುದು ಹೇಗೆಂದು ಕೇಳಿಕೊಳ್ಳದೆ ನಮ್ಮಲ್ಲಿ ಯಾರೂ ರೈಲಿಗೆ ಕಾಲಿಡುವುದಿಲ್ಲ. ಮೇಡಂ ಮನೆ ಕಾಲೇಜಿನ ಕಾಂಪೌಂಡಿನೊಳಗೇ, ಚಪ್ಪಲಿ ಮೆಟ್ಟಿದರೆ ಕ್ಲಾಸು. ಅವರಿಗೆ ಅದು ಹೊಳೆದೇ ಇರಲಿಲ್ಲ. ಪಾಪ ಅನಿಸಿತು, ಒಳಗೊಳಗೇ ನಗುವೂ ಬಂತು. ನಮ್ಮ ಮನೆಗೇ ಕರೆದುಕೊಂಡು ಹೋದೆ.

ಇವರು ನಮ್ಮ ಮೇಡಂ ಎಂದದ್ದೇ ತಡ, ಬಾಗಿಲು ತೆಗೆದ ಅತ್ತೆ ನಮ್ಮ ಮೂವರನ್ನೂ ನೋಡಿ, "ಟೀಚರನ್ನೇ ಕಟ್ಕೊಂಡು ಬಂದಿದ್ದೀರಲ್ಲ, ಇಬ್ರೂ ಸೇರಿ ಏನು ಅವಾಂತರ ಮಾಡಿದ್ರಿ?" ಎಂದರು. ವಿಷಯ ತಿಳಿದ ಮೇಲೆ ಅವರ ಸಂಭ್ರಮ ಹೇಳತೀರದು. ನನ್ನ ಗಂಡ ಲಾರಿ ಡ್ರೈವರು, ವಾರದಲ್ಲಿ ಮೂರುನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಅವರ ಮಂಚ ಮೇಡಂಗೆ ಸಿಕ್ಕಿತು, ಮಗಳು ಅವರ ತೊಡೆಯೇರಿದಳು.

ಊಟಕ್ಕೆ ಕೂತಾಗ ಮೇಡಂ, "ನಿಮ್ಮ ಸೊಸೆ ಬಹಳ ಚುರುಕು," ಎಂದರು.

"ಮನೇಲೂ ನಾಲಿಗೆ ಚುರುಕೇ," ಎಂದರು ಅತ್ತೆ.

"ಮುಂದಿನ ವರ್ಷ ಏನು ಮಾಡ್ಬೇಕು ಅಂತಿದ್ದೀರಿ?" ಮೇಡಂ ನನ್ನತ್ತ ತಿರುಗಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಈ ತಿಂಗಳಿಗೇ ಬಿಡ್ತಾ ಇದ್ದೀನಿ ಮೇಡಂ," ಎಂದುಬಿಟ್ಟೆ. ರಾತ್ರಿಯ ಸಭೆಗಳು, ಕೊನೇ ಪುಟ, ನೆಂಟಸ್ತನ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದೆ. ಮೇಡಂ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೇಳಿದರು.

ಅತ್ತೆಯ ಸೌಟು ನಡುದಾರಿಯಲ್ಲೇ ನಿಂತಿತು. "ನೀನು ಓದೋಕೆ ಶುರು ಮಾಡಿದಾಗ್ಲಿಂದ ಮಗೂಗೆ ಜಡೆ ಹಾಕ್ತಾ ಇರೋಳು ನಾನು. ನನ್ನನ್ನ ಒಂದು ಮಾತು ಕೇಳಿದ್ಯಾ? ಬಿಡೋದೇ ಆದ್ರೆ ನನ್ನ ಅಡುಗೆಮನೇಲಿ ಕೂತು ಹೇಳ್ಬೇಡ. ನಾಳೆ ಅಲ್ಲಿಗೇ ಹೋಗು, ಆ ಹುಡುಗೀರ ಎದುರಿಗೆ ನಿಂತು ಹೇಳಿ ಬಾ." ಆಮೇಲೆ ದನಿ ಬದಲಿಸಿ, "ಟೀಚರೇ, ಇನ್ನೊಂದು ಸ್ವಲ್ಪ ಬಡಿಸ್ಲಾ?" ಎಂದರು.

ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಓಡಿ ರೈಲು ಹಿಡಿದೆವು. ಅರ್ಧ ದಾರಿಗೆ ಮೇಡಂ ತೂಕಡಿಕೆಯ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದರು. ಇಬ್ಬರ ಬಾಯಿಯೂ ತೆರೆದಿತ್ತು. ನಿನ್ನೆಯ ಸುಕ್ಕುಸೀರೆಯಲ್ಲೇ ಕ್ಲಾಸಿಗೆ ಬಂದು ನಿಂತರು.

"ಇನ್ಮೇಲೆ ಗುಂಪಿನ ಕೆಲಸ ಎಲ್ಲ ಮಧ್ಯಾಹ್ನ, ಇಲ್ಲೇ. ಅದಕ್ಕೆ ನನ್ನ ಒಂದು ಪೀರಿಯಡ್ ಕೊಡ್ತೀನಿ. ಸಂಜೆ ರೈಲು ಹೋದ್ಮೇಲೆ ತೀರ್ಮಾನ ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ."

"ಮಧ್ಯಾಹ್ನ ನಿದ್ದೆ ಬರುತ್ತೆ, ಮೇಡಂ," ಎಂದಳು ಕ್ಯಾಪ್ಟನ್.

"ನಿದ್ದೆ ವಿಷಯ ಇವತ್ತು ನನ್ನ ಹತ್ರ ಎತ್ತಲೇಬೇಡ," ಎಂದರು ಮೇಡಂ. ಕ್ಲಾಸು ಗೊಳ್ಳೆಂದಿತು.

ಮಧ್ಯಾಹ್ನ ಐದು ಜನ ಬೆಂಚು ಎಳೆದುಕೊಂಡು ಎದುರುಬದುರು ಕೂತೆವು. ಕಾಲೇಜು ಬಿಡುತ್ತೇನೆಂಬ ಮಾತನ್ನು ನಾಲಿಗೆ ತುದಿಗೆ ತಂದುಕೊಂಡು ಕೂತಿದ್ದೆ. ಅಷ್ಟರಲ್ಲಿ ಕ್ಯಾಪ್ಟನ್ ನನ್ನ ಹಾಳೆಗಳನ್ನು ತಿರುವುತ್ತ, "ಅತ್ತಿಗೆ, ಈ ಮನೇಲಿ ಇರೋರು ಇಬ್ರೇ. ಇಷ್ಟೊಂದು ನೀರು ಯಾಕೆ? ತಪ್ಪು ಬರೆದಿದ್ದೀರಾ?" ಎಂದಳು.

"ತಪ್ಪೆಲ್ಲಿಂದ ಬಂತು? ಆ ಯಮ್ಮ ಬೇರೆಯವರ ಬಟ್ಟೆ ಒಗೆದುಕೊಡೋಳು."

"ಮತ್ತೆ ಇದು? ಎಂಟು ಜನಕ್ಕೆ ಎರಡೇ ಬಕೆಟ್?"

"ಅಲ್ಲಿಗೆ ನಲ್ಲೀಲಿ ನೀರು ಬರೋದೇ ದಿನ ಬಿಟ್ಟು ದಿನ. ಅಜ್ಜಿ ಪಾತ್ರೆ ತೊಳೆದ ನೀರನ್ನ ಗಿಡಕ್ಕೆ ಹಾಕ್ತಾಳೆ, ಚೆಲ್ಲಿದ್ರೆ ಮೊಮ್ಮಕ್ಕಳಿಗೆ ಏಟು."

ಮೂವರೂ ಬೆಂಚು ಹತ್ತಿರ ಎಳೆದುಕೊಂಡರು. ಒಂದೊಂದು ಮನೆಗೂ ಒಂದೊಂದು ಕಥೆ ಇತ್ತು, ನನಗೆ ಹೇಳಿದಷ್ಟೂ ನೆನಪಾಗುತ್ತಿತ್ತು. ಹಾಸ್ಟೆಲಿನ ನಲ್ಲಿಗಳ ಪುಟಗಳನ್ನು ಕ್ಯಾಪ್ಟನ್ ತಾನೇ ಹೊಡೆದುಹಾಕಿದಳು. "ಇದನ್ನೆಲ್ಲ ನೀವೇ ಹೇಳ್ಬೇಕು ಅತ್ತಿಗೆ, ಮೊದಲ್ನೇ ಪುಟದಿಂದ. ವಂದನೆ ನಾನು ಹೇಳ್ತೀನಿ," ಎಂದಳು. ಮನೆಗಳನ್ನು ಹೇಗೆ ವಿಂಗಡಿಸುವುದೆಂದು ಜಗಳವಾಯಿತು, ನಾನು ಗೆದ್ದೆ. ಸಂಜೆ ತರಗತಿ ಮುಗಿದ ಮೇಲೂ ಅದೇ ಮಾತು. ತೂಕಡಿಕೆ ನನ್ನ ಚೀಲ ಕಿತ್ತುಕೊಂಡು ಸ್ಟೇಷನ್ನಿಗೆ ಓಡಿದ ಮೇಲೇ ನಾನು ಎದ್ದದ್ದು. ರೈಲಿನಲ್ಲೂ ಪೆನ್ನು ಕೆಳಗಿಡಲಿಲ್ಲ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮುಖ ಬಿಗಿಯಾಗಿತ್ತು.

"ಹೇಳಿ ಬಂದ್ಯಾ?"

"ಏನನ್ನ?" ಎಂದೆ ನಾನು.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನಗುತ್ತ ನಗುತ್ತ ಊಟಕ್ಕೆ ತಟ್ಟೆ ಹಾಕಲು ಒಳಗೆ ಹೋದರು. ಯಾಕೆ ನಕ್ಕರೆಂದು ನನಗೆ ಹೊಳೆದದ್ದು ಕೈಕಾಲು ತೊಳೆಯುವಾಗ.